ಒಡೆದ ಮಡಕೆಯನ್ನು ಅಂಟಿಸಬೇಕಾ? ಸಗಣಿ, ಕೂದಲು, ಎಂಜಿನ್ ಆಯಿಲ್‌ನ ಕಲೆಯನ್ನು ಉಳಿಸೋದು ಹೇಗೆ, ಉಳಿಸೋರು ಯಾರು

ರುಮಾನಾ ಹುಸೇನ್ ಹುಟ್ಟಿದ್ದು 1952ರಲ್ಲಿ, ಬೆಂಗಳೂರಿನಲ್ಲಿ. ಬದುಕು, ಕೆಲಸ ಮುಂಬೈನಲ್ಲಿ. ಮೊದಲು ಕ್ಯಾನ್ವಾಸ್ ಮೇಲೆ ಚಿತ್ರ ಬರೆಯುತ್ತಿದ್ದವರು. 1992ರ ಡಿಸೆಂಬರ್ 6ರಂದು ಬಾಬ್ರಿ ಮಸೀದಿಯನ್ನು ಕೆಡವಿದರು, ಅದರ ಬೆನ್ನಿಗೇ ಮುಂಬೈ ಹೊತ್ತಿ ಉರಿಯಿತು. ಆಮೇಲೆ ಅವರ ಕೈಗೆ ಬಂದದ್ದು ಮಣ್ಣಿನ ಮಡಕೆ, ಕನ್ನಡಿ, ಕೆಮ್ಮಣ್ಣು. ಮಡಕೆಯನ್ನು ಒಡೆದು, ಸೀಳಿ, ಕನ್ನಡಿಯ ಮೇಲೆ ಇಟ್ಟರು. ಅರ್ಧ ಮಡಕೆಯನ್ನು ಬೋರಲು ಹಾಕಿದರೆ ಅದು ಗುಂಬಜ್‌ನಂತೆಯೂ ಕಾಣುತ್ತೆ, ಹೆಣ್ಣಿನ ಹೊಟ್ಟೆಯಂತೆಯೂ ಕಾಣುತ್ತೆ. 1999ರಲ್ಲಿ ಅವರು ತೀರಿಕೊಂಡರು.

ಈಗ ಹೀಗೆ ಊಹಿಸಿಕೊಳ್ಳಿ. ಮೂವತ್ತು ವರ್ಷಗಳ ನಂತರ ಯಾವುದೋ ಮ್ಯೂಸಿಯಂನ ಉಗ್ರಾಣದಲ್ಲಿ ಅಂಥದ್ದೊಂದು ಕೃತಿಯ ಪೆಟ್ಟಿಗೆ ತೆರೆಯುತ್ತಾರೆ. ಒಳಗೆ ಒಡೆದ ಮಡಕೆ. ಅದರ ಯಾವ ಬಿರುಕು ಕಲಾವಿದೆಯದು? ಯಾವುದು ಲಾರಿಯಲ್ಲಿ ಸಾಗಿಸುವಾಗ ಆದದ್ದು? ಎಲ್ಲ ಚೂರುಗಳನ್ನು ನೀಟಾಗಿ ಅಂಟಿಸಿ ಗುಂಡನೆಯ ಮಡಕೆ ಮಾಡಿಟ್ಟರೆ ದುರಸ್ತಿ ಆಯ್ತು, ಕಲೆ ಸತ್ತಿತು. ಏನೂ ಮಾಡದೆ ಬಿಟ್ಟರೆ ಲಾರಿಯ ಏಟು ಕೂಡ ಕಲಾವಿದೆಯ ಮಾತಾಗಿಬಿಡುತ್ತೆ. ಉತ್ತರ ಇರೋದು ಒಂದು ಹಾಳೆಯಲ್ಲಿ, ಅದೂ ಆ ಹಾಳೆಯನ್ನು ಯಾರಾದರೂ ಬರೆದಿಟ್ಟಿದ್ದರೆ.

ಮಿಶ್ರ ಮಾಧ್ಯಮದ ಆಧುನಿಕ ಕಲೆಯ ಸಂರಕ್ಷಣೆ ಅನ್ನೋ ವಿಷಯ ಪೂರ್ತಿ ಈ ಪ್ರಶ್ನೆಯ ಸುತ್ತಲೇ ಇದೆ. ಕೇಳೋಕೆ ಶ್ರೀಮಂತರ ಗ್ಯಾಲರಿ ವ್ಯವಹಾರದ ಥರ ಕಾಣುತ್ತೆ. ಆದರೆ ನಮ್ಮ ಕಾಲದ ಗಲಭೆ, ಹಿಂಸೆ, ಪ್ರತಿಭಟನೆಗಳನ್ನು ಕಲಾವಿದರು ದಾಖಲಿಸಿದ್ದು ಬಹುಪಾಲು ಇಂಥ ಹಾಳಾಗಿ ಹೋಗುವ ವಸ್ತುಗಳಲ್ಲೇ. ಹಾಗಾಗಿ ಯಾವುದು ಉಳಿಯುತ್ತೆ, ಯಾವುದು ಗುಜರಿಗೆ ಹೋಗುತ್ತೆ ಅಂತ ನಿರ್ಧರಿಸುವವರು ಯಾರು ಅನ್ನೋದು ರಾಜಕೀಯದ ಪ್ರಶ್ನೆಯೇ.

ಒಂದೇ ಮನೆಯಲ್ಲಿ ಜಗಳ

ಮಿಶ್ರ ಮಾಧ್ಯಮ ಅಂದರೆ ಸರಳವಾಗಿ, ಒಂದೇ ಕೃತಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ವಸ್ತು ಇರೋದು. ಕ್ಯಾನ್ವಾಸ್ ಮೇಲೆ ಪೇಪರ್ ಕಟಿಂಗ್, ಅದರ ಮೇಲೆ ತಂತಿ, ಪಕ್ಕದಲ್ಲಿ ಟ್ಯೂಬ್‌ಲೈಟ್. ಹಳೆಯ ತೈಲಚಿತ್ರವೂ ಹಾಳಾಗುತ್ತೆ. ಆದರೆ ಅದರ ಬಟ್ಟೆ, ಎಣ್ಣೆ, ವಾರ್ನಿಶ್ ಹೇಗೆ ಮುದಿಯಾಗುತ್ತವೆ ಅನ್ನೋದರ ಬಗ್ಗೆ ನೂರಾರು ವರ್ಷಗಳ ಅನುಭವ ಇದೆ. ಮಿಶ್ರ ಮಾಧ್ಯಮದಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಆಯಸ್ಸು. ಒಂದಕ್ಕೆ ಔಷಧಿ ಆದದ್ದು ಇನ್ನೊಂದಕ್ಕೆ ವಿಷ. ಕಾಗದಕ್ಕೆ ಸ್ವಲ್ಪ ತೇವಾಂಶ ಬೇಕು, ಇಲ್ಲದಿದ್ದರೆ ಒಣಗಿ ಪುಡಿಯಾಗುತ್ತೆ. ಅದೇ ತೇವಾಂಶಕ್ಕೆ ಪಕ್ಕದ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತೆ. ಆ ತುಕ್ಕು ಮತ್ತೆ ಕಾಗದವನ್ನೇ ತಿನ್ನುತ್ತೆ.

ನ್ಯೂಸ್‌ಪೇಪರ್ ಹಳದಿ ಆಗೋದು ಅದರೊಳಗಿನ ಲಿಗ್ನಿನ್‌ನಿಂದ. ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಇಡಲು ಬೆರೆಸಿದ ರಾಸಾಯನಿಕ ವರ್ಷಗಳ ನಂತರ ಮೇಲ್ಮೈಗೆ ಒಸರಿ ಅಂಟಂಟಾಗುತ್ತೆ. ಅಕ್ರಿಲಿಕ್ ಬಣ್ಣ ನಮ್ಮ ಬೇಸಿಗೆಯ ಸೆಕೆಗೆ ಮೆದುವಾಗುತ್ತೆ, ಧೂಳನ್ನು ಹಿಡಿದು ತನ್ನೊಳಗೆ ಕೂರಿಸಿಕೊಳ್ಳುತ್ತೆ. ಇದಕ್ಕೆಲ್ಲ ಹೊರಗಿನ ಶತ್ರು ಬೇಕಿಲ್ಲ. ವಸ್ತುವಿನ ಹುಟ್ಟಿನಲ್ಲೇ ದೋಷ ಇರುತ್ತೆ. ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ಇಂಥ ಹುಟ್ಟುದೋಷಕ್ಕೆ ಪರಿಹಾರ ಕೊಡೋದಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡೋಣ.

ಭದ್ರಾವತಿಯ ಶೀಲಾ ಗೌಡ

ನಮ್ಮದೇ ಉದಾಹರಣೆ ತಗೊಳ್ಳಿ. ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಈಗಲೂ ಬೆಂಗಳೂರಿನಲ್ಲೇ ಇದ್ದಾರೆ. ಅವರೂ ಮೊದಲು ಪೇಂಟಿಂಗ್ ಮಾಡುತ್ತಿದ್ದವರೇ. 1990ರ ದಶಕದ ಆರಂಭದಲ್ಲಿ, ಆ ಹಿಂಸೆಯ ದಿನಗಳಲ್ಲಿ, ಸಗಣಿಯನ್ನು ಕೈಗೆತ್ತಿಕೊಂಡರು. ಒಂದು ಕಡೆ ಗೋವಿನ ಹೆಸರಿನ ರಾಜಕೀಯ, ಇನ್ನೊಂದು ಕಡೆ ದಿನಾ ಬೆಳಗ್ಗೆ ಸಗಣಿ ಬಾಚಿ, ನೆಲ ಸಾರಿಸಿ, ಬೆರಣಿ ತಟ್ಟುವ ಹೆಂಗಸಿನ ಕೈ. ಎರಡೂ ಒಂದೇ ವಸ್ತುವಿನಲ್ಲಿವೆ.

1998ರಿಂದ ಬೇರೆ ಬೇರೆ ಆವೃತ್ತಿಗಳಲ್ಲಿ ಬಂದ ಅವರ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್’ ನೋಡಿ. ಸೂಜಿಯ ಕಣ್ಣಿನ ಮೂಲಕ ನೂರಕ್ಕೂ ಹೆಚ್ಚು ಮೀಟರ್ ಉದ್ದದ ದಾರ ಎಳೆಯೋದು. ಇನ್ನೊಂದು ಸೂಜಿ, ಇನ್ನೊಂದು ದಾರ. ಹೀಗೆ ಎಳೆಗಳನ್ನೆಲ್ಲ ಸೇರಿಸಿ, ಕುಂಕುಮ ಮತ್ತು ಅಂಟು ಹಚ್ಚಿ ಕೆಂಪು ಹಗ್ಗ ಮಾಡೋದು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಗೋಡೆ, ನೆಲದ ಮೇಲೆಲ್ಲ ಅದು ಕರುಳಿನ ಹಾಗೆ ಹರಿದಾಡುತ್ತೆ.

ಇದನ್ನು ಕಾಪಾಡಬೇಕಾದವರ ಪಾಡು ಕೇಳಿ. ಕುಂಕುಮದ ಗುಟ್ಟು ನಿಮಗೆ ಗೊತ್ತೇ ಇದೆ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುತ್ತೆ, ಸಾಂಪ್ರದಾಯಿಕ ಕುಂಕುಮದ ಕೆಂಪೂ ಅದೇ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲೋದಿಲ್ಲ, ಹುಳಿ ತಾಗಿದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತೆ. ಅಂಗಡಿಯ ಕುಂಕುಮವಾದರೆ ಅದರಲ್ಲಿ ಯಾವ ಕೃತಕ ಬಣ್ಣ ಇದೆ ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು. ಮರದ ಗೋಂದಿನಂಥ ಅಂಟು ನೀರಿಗೆ ಕರಗುತ್ತೆ. ಅಂದರೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸುವಂತಿಲ್ಲ. ಮಳೆಗಾಲದ ತೇವಕ್ಕೆ ಅಂಟು ಹೀರಿಕೊಂಡು ಮೆತ್ತಗಾಗುತ್ತೆ, ಬೇಸಿಗೆಯಲ್ಲಿ ಬಿರಿದು ಬಣ್ಣ ಉದುರುತ್ತೆ. ನೂರು ಸೂಜಿಗಳ ತುಕ್ಕು ಬೇರೆ. ಇಂಥ ಬಣ್ಣಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಕೊಡುತ್ತವೆ, ಅದೂ ಕೆಲವೇ ತಿಂಗಳು. ನಂತರ ಕತ್ತಲೆಯಲ್ಲಿ ವಿಶ್ರಾಂತಿ.

2009ರ ‘ಬಿಹೋಲ್ಡ್’ ಇನ್ನೊಂದು. ದೇವಸ್ಥಾನದಲ್ಲಿ ಮುಡಿ ಕೊಟ್ಟಾಗ ಉದ್ದನೆಯ ಕೂದಲು ವಿಗ್ ಮಾರುಕಟ್ಟೆಗೆ ಹೋಗುತ್ತೆ. ಉಳಿದ ತುಂಡು ಕೂದಲಿನಿಂದ ಹಗ್ಗ ಹೊಸೆದು, ದೃಷ್ಟಿ ತಾಗದಿರಲಿ ಅಂತ ಗಾಡಿಗಳ ಬಂಪರ್‌ಗೆ ಕಟ್ಟುತ್ತಾರೆ. ಅಂಥ ಸುಮಾರು ನಾಲ್ಕು ಕಿಲೋಮೀಟರ್ ಕೂದಲಿನ ಹಗ್ಗದಿಂದ ಶೀಲಾ ಕಾರಿನ ಬಂಪರ್‌ಗಳನ್ನೇ ನೇತುಹಾಕಿದರು. ವೆನಿಸ್ ಬಿನಾಲೆಯಲ್ಲಿ ಪ್ರದರ್ಶನ ಆಯ್ತು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕೂದಲು ಅಂದರೆ ಕೆರಾಟಿನ್. ಉಣ್ಣೆ ಬಟ್ಟೆ ತಿನ್ನುವ ನುಸಿ, ಕಾರ್ಪೆಟ್ ಹುಳುಗಳಿಗೆ ಅದು ಹಬ್ಬದೂಟ. ಒಂದು ಹುಳು ಬಿದ್ದರೆ ಆ ಕೃತಿ ಮಾತ್ರ ಅಲ್ಲ, ಉಗ್ರಾಣದ ಉಳಿದದ್ದೂ ಹೋಯಿತು. ಅದಕ್ಕೇ ಕೂದಲು, ಗರಿ, ಉಣ್ಣೆ ಇರುವ ಕೃತಿಗಳನ್ನು ಮೊದಲು ಪ್ರತ್ಯೇಕವಾಗಿಡುತ್ತಾರೆ. ಆಮೇಲೆ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ, ಇಲ್ಲವೇ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಫ್ರೀಜ್ ಮಾಡುತ್ತಾರೆ. ಚಳಿ ತಡೆಯದ ವಸ್ತುವಾದರೆ ಆಮ್ಲಜನಕ ತೆಗೆದ ಚೀಲದೊಳಗೆ ವಾರಗಟ್ಟಲೆ ಇಟ್ಟು ಹುಳುವನ್ನು ಉಸಿರುಕಟ್ಟಿಸುತ್ತಾರೆ. ಕೀಟನಾಶಕ ಹೊಡೆಯೋದು ಹಳೆಯ ಪದ್ಧತಿ. ಅದು ಕೃತಿಗೂ ಕೆಡುಕು, ಮುಟ್ಟುವ ಸಿಬ್ಬಂದಿಗೂ ಕೆಡುಕು.

ಯುದ್ಧದ ಎಣ್ಣೆ, ಗಲಭೆಯ ಮೊಳೆ

2023ರಲ್ಲಿ ತೀರಿಕೊಂಡ ವಿವಾನ್ ಸುಂದರಂ, 1991ರ ಕೊಲ್ಲಿ ಯುದ್ಧಕ್ಕೆ ಕಾಗದದ ಮೇಲೆ ಎಂಜಿನ್ ಆಯಿಲ್ ಮತ್ತು ಇದ್ದಿಲಿನಲ್ಲಿ ಉತ್ತರ ಕೊಟ್ಟರು. ತೈಲಕ್ಕಾಗಿ ನಡೆದ ಯುದ್ಧವನ್ನು ತೈಲದಲ್ಲೇ ಬರೆದದ್ದು. ಕಾಗದ ಉಳಿಸುವವರಿಗೆ ಎಣ್ಣೆ ಅಂದರೇ ದುಃಸ್ವಪ್ನ. ಬಜ್ಜಿ ಕಟ್ಟಿಕೊಟ್ಟ ಪೇಪರ್ ನೆನಪಿಸಿಕೊಳ್ಳಿ. ಎಣ್ಣೆ ಹರಡುತ್ತಾ ಹೋಗುತ್ತೆ, ಕಾಗದ ಪಾರದರ್ಶಕ ಆಗುತ್ತೆ, ಕಂದುತ್ತೆ, ಕೊನೆಗೆ ಮುರಿಯುತ್ತೆ. ಬೇರೆ ಯಾವ ಚಿತ್ರದ ಮೇಲೆ ಎಣ್ಣೆ ಚೆಲ್ಲಿದ್ದರೂ ಕನ್ಸರ್ವೇಟರ್ ಅದನ್ನು ತೆಗೆಯಲು ಹೊರಡುತ್ತಿದ್ದರು. ಇಲ್ಲಿ ಎಣ್ಣೆಯೇ ಚಿತ್ರ. ಹರಡುವುದನ್ನು ನಿಧಾನ ಮಾಡಬಹುದು, ನಿಲ್ಲಿಸಲಾಗದು.

1993ರ ‘ಮೆಮೋರಿಯಲ್’ ಇನ್ನೂ ಕಠಿಣ. ಮುಂಬೈ ಗಲಭೆಯಲ್ಲಿ ಸತ್ತು ಬೀದಿಯಲ್ಲಿ ಬಿದ್ದ ಒಬ್ಬ ವ್ಯಕ್ತಿಯ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಆ ಫೋಟೋವನ್ನು ಸುಂದರಂ ಮತ್ತೆ ಮತ್ತೆ ಬಳಸಿದರು, ಅದರ ಮೇಲೆ ಮೊಳೆ ಹೊಡೆದರು, ತಗಡಿನ ಟ್ರಂಕುಗಳಿಂದ ಒಂದು ದ್ವಾರ ಕಟ್ಟಿದರು. ಊರು ಬಿಟ್ಟು ಓಡುವವರ ಟ್ರಂಕು. ಫೋಟೋ ಕಾಗದಕ್ಕೆ ಹೊಡೆದ ಮೊಳೆ ತುಕ್ಕು ಹಿಡಿದು ಸುತ್ತ ಕಲೆ ಕಟ್ಟಿದರೆ ಏನು ಮಾಡುತ್ತೀರಿ? ಮೊಳೆ ಕಿತ್ತು ಸ್ಟೀಲ್ ಮೊಳೆ ಹಾಕುತ್ತೀರಾ? ಕಲಾವಿದ ಹೊಡೆದ ಏಟನ್ನು ತೆಗೆದು ನಿಮ್ಮ ಏಟು ಹಾಕಿದ ಹಾಗಾಯಿತು. ಈ ಕೃತಿಯೂ ಟೇಟ್ ಸಂಗ್ರಹದಲ್ಲಿದೆ. ಅಲ್ಲಿನ ದಾಖಲೆಯಲ್ಲಿ ಇದಕ್ಕೆ 1993, 2014 ಅಂತ ಎರಡು ಇಸವಿ ಇವೆ. ಬದುಕಿರುವ ಕಲಾವಿದರು ತಮ್ಮ ಹಳೆಯ ಕೃತಿಗೆ ಮತ್ತೆ ಕೈ ಹಾಕಬಹುದು, ಆ ಅಧಿಕಾರ ಅವರಿಗಿದೆ. ಅವರು ಹೋದ ಮೇಲೆ ಆ ಅಧಿಕಾರ ಯಾರದು ಅನ್ನೋದೇ ತಕರಾರು.

ಹಾಗಾದ್ರೆ ದುರಸ್ತಿ ನಡೆಯೋದು ಹೇಗೆ?

ಮೊದಲ ಕೆಲಸ ಮುಟ್ಟದೇ ಇರೋದು. ಫೋಟೋ, ಎಕ್ಸ್‌ರೇ, ಅತಿನೇರಳೆ ಬೆಳಕಿನಲ್ಲಿ ಪರೀಕ್ಷೆ, ಯಾವ ಪ್ಲಾಸ್ಟಿಕ್ಕು ಯಾವ ಅಂಟು ಅಂತ ತಿಳಿಯಲು ಇನ್ಫ್ರಾರೆಡ್ ಸಲಕರಣೆ. ಆಮೇಲೆ ಕಲಾವಿದರ ಸಂದರ್ಶನ. ಯಾವ ಅಂಗಡಿಯ ಬಣ್ಣ, ಯಾವ ಭಾಗ ಬದಲಾಯಿಸಬಹುದು, ಯಾವುದು ಮುಟ್ಟಕೂಡದು, ಇದು ಮಾಸಿಹೋದರೆ ನಿಮಗೆ ಬೇಸರವಾ ಅಥವಾ ಅದೇ ನಿಮ್ಮ ಉದ್ದೇಶವಾ? 1999ರಿಂದ ಐಎನ್‌ಸಿಸಿಎ ಅನ್ನುವ ಅಂತರರಾಷ್ಟ್ರೀಯ ಜಾಲವೊಂದು ಇಂಥ ಮಾಹಿತಿಯನ್ನು ವೃತ್ತಿಪರರ ನಡುವೆ ಹಂಚಿಕೊಳ್ಳಲು ಕೆಲಸ ಮಾಡುತ್ತಿದೆ.

ಕೈ ಹಾಕಲೇಬೇಕಾದಾಗ ಎರಡು ನಿಯಮ. ಕಡಿಮೆ ಮಾಡು, ಮಾಡಿದ್ದನ್ನು ಮುಂದಿನವರು ಬಿಡಿಸುವ ಹಾಗೆ ಮಾಡು. ಒಡೆದ ಮಣ್ಣಿನ ಚೂರಿಗೆ ಅರಾಲ್ಡೈಟ್ ಹಾಕೋದಿಲ್ಲ. ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಅಂಟು ಬಳಸುತ್ತಾರೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್‌ನಲ್ಲಿ ಅದು ಕರಗುತ್ತೆ, ನಾಳೆ ಯಾರಾದರೂ ತಪ್ಪು ಅಂದರೆ ಬಿಡಿಸಬಹುದು. ಹರಿದ ಕಾಗದಕ್ಕೆ ತೆಳ್ಳನೆಯ ಜಪಾನೀ ಕಾಗದ ಮತ್ತು ಗಂಜಿಯಂಥ ಅಂಟು. ಬಣ್ಣದ ಮೇಲಿನ ಕೊಳೆ ತೆಗೆಯಲು ಹತ್ತಿಗೆ ಎಂಜಲು ಹಚ್ಚಿ ಒರೆಸೋದೂ ಉಂಟು. ತಮಾಷೆ ಅಲ್ಲ, ಎಂಜಲಿನ ಕಿಣ್ವಗಳು ಕೊಳೆಯನ್ನು ಸೌಮ್ಯವಾಗಿ ಬಿಡಿಸುತ್ತವೆ. ಕುಂಕುಮದ ಹಗ್ಗಕ್ಕೆ ಮಾತ್ರ ಇದೂ ನಡೆಯಲ್ಲ.

ಆದರೆ ಕೆಲವು ಸಲ ವಸ್ತುವನ್ನೇ ಬದಲಾಯಿಸಬೇಕಾಗುತ್ತೆ, ಅಲ್ಲಿ ಶುರುವಾಗೋದು ಜಗಳ. ಡೇಮಿಯನ್ ಹರ್ಸ್ಟ್ 1991ರಲ್ಲಿ ಫಾರ್ಮಾಲ್ಡಿಹೈಡ್‌ನಲ್ಲಿ ಮುಳುಗಿಸಿದ ಶಾರ್ಕ್ ಕೊಳೆಯಿತು. 2006ರಲ್ಲಿ ಬೇರೆ ಶಾರ್ಕ್ ತಂದು ಹಾಕಿದರು. ಮೀನು ಬೇರೆ, ಕೃತಿ ಅದೇ ಅಂತ ಕಲಾವಿದನ ವಾದ. ದಕ್ಷಿಣ ಕೊರಿಯಾದಲ್ಲಿ ನಾಮ್ ಜೂನ್ ಪೈಕ್ 1988ರಲ್ಲಿ ಕಟ್ಟಿದ ‘ದ ಮೋರ್ ದ ಬೆಟರ್’ ಗೋಪುರದಲ್ಲಿ 1,003 ಟಿವಿಗಳಿದ್ದವು. 2018ರಲ್ಲಿ ಸುರಕ್ಷತೆಯ ಕಾರಣಕ್ಕೆ ಆಫ್ ಮಾಡಿದರು. ಹಳೆಯ ಪಿಕ್ಚರ್ ಟ್ಯೂಬ್ ತಯಾರಾಗೋದೇ ನಿಂತುಹೋಗಿತ್ತು. ಎಲ್ಲವನ್ನೂ ಫ್ಲ್ಯಾಟ್ ಸ್ಕ್ರೀನ್ ಮಾಡಿಬಿಡೋಣವಾ? ಆಗ ಆ ಗೋಪುರದ ಗುಂಡು ಹೊಟ್ಟೆ, ಆ ಮಿಣುಕು ಹೋಗುತ್ತೆ. ಕೊನೆಗೆ 737 ಟಿವಿಗಳನ್ನು ಹಳೆಯ ಟ್ಯೂಬ್‌ಗಳಲ್ಲೇ ಸರಿಪಡಿಸಿ ಇಲ್ಲವೇ ಬದಲಿಸಿ, ಮೇಲಿನ 266 ಸಣ್ಣ ಟಿವಿಗಳಿಗೆ ಮಾತ್ರ ಎಲ್‌ಸಿಡಿ ಹಾಕಿ 2022ರಲ್ಲಿ ಮತ್ತೆ ಬೆಳಗಿಸಿದರು. ನನ್ನ ಪ್ರಕಾರ ಇದು ಒಳ್ಳೆಯ ರಾಜಿ. ಯಾಕೆಂದರೆ ಎಲ್ಲಿ ರಾಜಿ ಆಗಿದೆ ಅಂತ ಬಹಿರಂಗವಾಗಿ ಹೇಳಿ ಮಾಡಿದರು.

ಇವಾ ಹೆಸ್ಸೆಯ ಕಥೆ ಇದಕ್ಕೆ ತದ್ವಿರುದ್ಧ. 1970ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡರು. ಲ್ಯಾಟೆಕ್ಸ್ ಬಾಳಿಕೆ ಬರಲ್ಲ ಅಂತ ಗೊತ್ತಿದ್ದೂ ಬಳಸಿದ್ದರು. 1969ರ ಅವರ ‘ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಶನ್’ ಗಟ್ಟಿಯಾಗಿ, ಕಂದಾಗಿ ದಶಕಗಳ ಕಾಲ ಪೆಟ್ಟಿಗೆಯಲ್ಲೇ ಇತ್ತು. ಗುಗನ್‌ಹೈಮ್ ಮ್ಯೂಸಿಯಂ ಅದನ್ನು ಹೊಸ ಲ್ಯಾಟೆಕ್ಸ್‌ನಲ್ಲಿ ಮರುಸೃಷ್ಟಿ ಮಾಡಲಿಲ್ಲ. ಇದ್ದದ್ದನ್ನೇ ನಿಲ್ಲುವಷ್ಟು ಗಟ್ಟಿ ಮಾಡಿ, ಮುದಿಯಾದ ರೂಪದಲ್ಲೇ 2022ರಲ್ಲಿ ಜನರ ಮುಂದೆ ಇಟ್ಟಿತು.

ಸ್ವಚ್ಛ ಮಾಡುವವರ ಮೇಲೆ ತಪ್ಪು ಹೊರಿಸೋದು ಸುಲಭ. ಜರ್ಮನಿಯ ಡ್ಯೂಸೆಲ್ಡಾರ್ಫ್ ಕಲಾ ಅಕಾಡೆಮಿಯಲ್ಲಿ ಜೋಸೆಫ್ ಬಾಯ್ಸ್ ಗೋಡೆ ಮೂಲೆಗೆ ಮೆತ್ತಿದ್ದ ಬೆಣ್ಣೆಯ ಕೃತಿಯನ್ನು 1986ರಲ್ಲಿ ಗಲೀಜು ಅಂತ ತೆಗೆದುಹಾಕಲಾಯಿತು. ಸರ್ಕಾರ 40,000 ಮಾರ್ಕ್ ಪರಿಹಾರ ಕೊಟ್ಟಿತು. ಇಂಥ ಸುದ್ದಿ ಓದಿ ನಗುತ್ತೇವೆ. ಇದನ್ನು ಮುಟ್ಟಬೇಡಿ ಅಂತ ಆ ಕೆಲಸಗಾರರಿಗೆ ಹೇಳುವ ಹೊಣೆ ಯಾರದಿತ್ತು ಅಂತ ಮಾತ್ರ ಕೇಳೋದಿಲ್ಲ.

ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ಕೃತಿಯನ್ನು ಕೊಂಡವರು ಅದರ ಮಾಲೀಕರು. ಆದರೆ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕಲಾವಿದರಿಗೆ ಒಂದು ನೈತಿಕ ಹಕ್ಕು ಕೊಡುತ್ತೆ. ಮಾರಿದ ಮೇಲೂ, ತಮ್ಮ ಗೌರವಕ್ಕೆ ಧಕ್ಕೆ ಆಗುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಅವರು ಕೋರ್ಟಿಗೆ ಹೋಗಬಹುದು. ಈ ಸೆಕ್ಷನ್ನಿಗೆ ಹಲ್ಲು ಬಂದದ್ದು ಅಮರ್‌ನಾಥ್ ಸೆಹಗಲ್ ಪ್ರಕರಣದಲ್ಲಿ. ದೆಹಲಿಯ ವಿಜ್ಞಾನ ಭವನಕ್ಕೆ ಸರ್ಕಾರವೇ 1957ರಲ್ಲಿ ಹೇಳಿ ಮಾಡಿಸಿದ, ಸುಮಾರು 140 ಅಡಿ ಅಗಲದ ಕಂಚಿನ ಭಿತ್ತಿಶಿಲ್ಪ ಅದು. 1979ರಲ್ಲಿ ಕಟ್ಟಡ ನವೀಕರಣದ ಹೆಸರಲ್ಲಿ ಕಲಾವಿದರಿಗೆ ಒಂದು ಮಾತೂ ಹೇಳದೆ ಕಿತ್ತು ಉಗ್ರಾಣಕ್ಕೆ ತಳ್ಳಿದರು. ತುಂಡುಗಳು ಕಳೆದುಹೋದವು. ದೆಹಲಿ ಹೈಕೋರ್ಟ್ 2005ರಲ್ಲಿ ಸೆಹಗಲ್ ಪರ ತೀರ್ಪು ಕೊಟ್ಟಿತು. ನಾಶ ಮಾಡೋದು ವಿರೂಪದ ಅತಿರೇಕದ ರೂಪ, ಅದೂ ಹಕ್ಕಿನ ಉಲ್ಲಂಘನೆಯೇ ಅಂತ ಹೇಳಿ, ಉಳಿದ ತುಂಡುಗಳನ್ನು ಕಲಾವಿದರಿಗೆ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಆದೇಶಿಸಿತು. ಕಿತ್ತಿದ್ದಕ್ಕೂ ತೀರ್ಪಿಗೂ ನಡುವೆ 26 ವರ್ಷ.

ಅಮೆರಿಕದ ಕೇಡಿ ನೋಲಂಡ್ ಅವರ ಮರದ ದಿಮ್ಮಿಗಳ ‘ಲಾಗ್ ಕ್ಯಾಬಿನ್’ ಕೊಳೆತಾಗ, ಮಾಲೀಕರು ಅವರನ್ನು ಕೇಳದೆ ಹೊಸ ದಿಮ್ಮಿ ಹಾಕಿಸಿದರು. ಇದು ನನ್ನ ಕೃತಿಯೇ ಅಲ್ಲ ಅಂದುಬಿಟ್ಟರು ನೋಲಂಡ್. ಕೋರ್ಟಿನಲ್ಲಿ ಅವರು ಗೆಲ್ಲಲಿಲ್ಲ. ದುರಸ್ತಿ ಮಾಡಿದ್ದೇ ಅಪಚಾರ ಆಗಬಹುದು ಅನ್ನೋದನ್ನು ಕಾನೂನುಗಳು ಇನ್ನೂ ಸರಿಯಾಗಿ ಅರಗಿಸಿಕೊಂಡಿಲ್ಲ.

ನಮ್ಮ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಕಥೆ ಬೇರೆ. ಸಾಮಾನ್ಯವಾಗಿ ನೂರು ವರ್ಷ ದಾಟಿದ್ದು ಪುರಾತನ. ಅದಕ್ಕಿಂತ ಹೊಸದಾದರೆ ಸರ್ಕಾರ ‘ಕಲಾನಿಧಿ’ ಅಂತ ಘೋಷಿಸಬೇಕು, ಅದೂ ಕಲಾವಿದರು ತೀರಿಕೊಂಡ ಮೇಲೆ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಠಾಕೂರ್ ಮನೆತನದ ಮೂವರು, ಹೀಗೆ ಒಟ್ಟು ಒಂಬತ್ತು ಮಂದಿಯ ಪಟ್ಟಿ ಇದೆ. ಮಡಕೆ, ಮೊಳೆ, ಕೂದಲು, ಸಗಣಿ ಹಿಡಿದ ತಲೆಮಾರಿನವರು ಯಾರೂ ಅದರಲ್ಲಿಲ್ಲ. ಈ ಕಾಯ್ದೆ ಮುಖ್ಯವಾಗಿ ದೇಶದಾಚೆ ಸಾಗಿಸೋದನ್ನು ತಡೆಯುತ್ತೆ ಅಷ್ಟೇ. ದೇಶದೊಳಗೇ ಕೊಳೆತರೆ ಕೇಳೋರಿಲ್ಲ.

ಲಂಡನ್ನಿನಲ್ಲಿ ಭದ್ರ, ಇಲ್ಲಿ?

ಲೆಕ್ಕ ಹಾಕಿ ನೋಡಿ. ಮುಂಬೈ ಗಲಭೆಯ ‘ಮೆಮೋರಿಯಲ್’ ಲಂಡನ್ನಿನಲ್ಲಿ. ಬೆಂಗಳೂರಿನ ಗಾಡಿಗಳ ದೃಷ್ಟಿಹಗ್ಗವೂ ಅಲ್ಲೇ. ಕುಂಕುಮದ ಹಗ್ಗದ ಒಂದು ಆವೃತ್ತಿ ಅಮೆರಿಕದ ವಾಕರ್ ಆರ್ಟ್ ಸೆಂಟರ್‌ನಲ್ಲಿ. ರುಮಾನಾ ಅವರ ಕೊನೆಯ ದೊಡ್ಡ ಕೃತಿ ‘ಎ ಸ್ಪೇಸ್ ಫಾರ್ ಹೀಲಿಂಗ್’ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಅಲ್ಲಿ ಅವು ಚೆನ್ನಾಗಿ ಉಳಿಯುತ್ತವೆ ಅನ್ನೋದು ಸಮಾಧಾನ. ಇಲ್ಲಿನ ಹುಡುಗ ಹುಡುಗಿಯರು ಅವನ್ನು ನೋಡಬೇಕಾದರೆ ವೀಸಾ ಬೇಕು ಅನ್ನೋದು ಸಂಕಟ.

ಇಲ್ಲಿ ಏನೂ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ 1976ರಿಂದ ಲಖನೌದಲ್ಲಿದೆ, ಅದರ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. 2009ರಲ್ಲಿ ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಶುರುವಾಯಿತು. ಆದರೆ ತಾಳೆಗರಿ, ಕಲ್ಲು, ಕಂಚು ಉಳಿಸೋ ವಿದ್ಯೆ ಬೇರೆ. ಲ್ಯಾಟೆಕ್ಸ್, ಪಿವಿಸಿ, ಹಾರ್ಡ್ ಡಿಸ್ಕ್ ಉಳಿಸೋ ವಿದ್ಯೆ ಬೇರೆ. ಹೊಸ ಕಟ್ಟಡ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಉಗ್ರಾಣದ ತೇವಾಂಶ ಅಳೆಯುವ ಮೀಟರ್ ಉದ್ಘಾಟನೆಗೆ ಯಾರೂ ಬರಲ್ಲ. ಬೆಳಗ್ಗೆ ಹತ್ತಕ್ಕೆ ಎಸಿ ಆನ್ ಮಾಡಿ ಸಂಜೆ ಐದಕ್ಕೆ ಆಫ್ ಮಾಡುವ ಕಟ್ಟಡದಲ್ಲಿ ಕೃತಿ ದಿನಕ್ಕೆರಡು ಸಲ ಹಿಗ್ಗಿ ಕುಗ್ಗುತ್ತೆ. ಅದಕ್ಕಿಂತ ಎಸಿ ಇಲ್ಲದ, ಗಾಳಿಯಾಡುವ ಹಳೆ ಕೋಣೆಯೇ ಎಷ್ಟೋ ವಾಸಿ.

ನಿಮ್ಮ ಮಂಚದಡಿಯ ಪ್ಲೆಕಾರ್ಡ್

ಪ್ರತಿಭಟನೆಗೆ ಹೋಗಿ ಬಂದವರ ಮನೆಯಲ್ಲಿ ಮಂಚದ ಕೆಳಗೆ ಏನಿರುತ್ತೆ? ರಟ್ಟು, ಸ್ಕೆಚ್ ಪೆನ್, ಸೆಲ್ಲೋಟೇಪ್, ಒಂದು ಬಿದಿರು ಕಡ್ಡಿ. ಅಪ್ಪಟ ಮಿಶ್ರ ಮಾಧ್ಯಮ. ದೆಹಲಿಯ ಶಾಹೀನ್‌ಬಾಗ್‌ನಲ್ಲಿ ಜನ ಕಟ್ಟಿದ್ದ ಕಲೆಯನ್ನು 2020ರ ಮಾರ್ಚ್ 24ರಂದು, ಲಾಕ್‌ಡೌನ್ ಸಮಯದಲ್ಲಿ, ಒಂದೇ ಬೆಳಗ್ಗೆ ತೆರವು ಮಾಡಿದರು. ಉಳಿದದ್ದು ಯಾರೋ ಮನೆಗೆ ಒಯ್ದದ್ದು ಮತ್ತು ಫೋಟೋ ಮಾತ್ರ.

ಆದ್ದರಿಂದ ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಿ. ಲ್ಯಾಮಿನೇಶನ್ ಮಾಡಿಸಬೇಡಿ, ಅದನ್ನು ಬಿಡಿಸೋಕಾಗಲ್ಲ. ಹರಿದಲ್ಲಿ ಇನ್ನೊಂದು ಪದರ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಕಂದಿ ಕಾಗದದೊಳಗೆ ಇಳಿಯುತ್ತೆ. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಹಾರಿಹೋಗುತ್ತೆ, ಗೋಡೆಗೆ ತೂಗುಹಾಕೋದಾದರೆ ಫೋಟೋಕಾಪಿ ತೂಗುಹಾಕಿ. ಫ್ಲೆಕ್ಸ್ ಬ್ಯಾನರ್ ಪಿವಿಸಿ. ಮಡಚಿದರೆ ಅಂಟಿಕೊಂಡು ಕೂರುತ್ತೆ, ಒಳಗೆ ಬಿಳಿ ಹತ್ತಿ ಬಟ್ಟೆ ಹಾಕಿ ಸಡಿಲವಾಗಿ ಸುತ್ತಿಡಿ. ಗೆದ್ದಲಿಗೆ ದೂರವಾಗಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ಎರಡೂ ಬದಿಯ ಫೋಟೋ ತೆಗೆಯಿರಿ. ಒಂದು ಬಿಳಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ಯಾವ ದಿನ, ಯಾವ ಜಾಗ, ಯಾವ ಬಣ್ಣ, ಬರೆದವರು ಯಾರು. ಹೆಸರು ಬರೆಯೋದು ಅವರಿಗೆ ಅಪಾಯ ಅನ್ನಿಸಿದರೆ ಅವರನ್ನು ಕೇಳಿಯೇ ಬರೆಯಿರಿ. ಮೂಲೆ ಹರಿದಿದ್ದರೆ, ಅದು ಹರಿದದ್ದು ಪೊಲೀಸರು ಕಿತ್ತುಕೊಂಡಾಗಲೋ, ಬಸ್ಸಿನಲ್ಲಿ ವಾಪಸ್ ಬರುವಾಗಲೋ ಅನ್ನೋದನ್ನೂ ಬರೆಯಿರಿ.